ಅಪಘಾತ ಪರಿಹಾರಕ್ಕೂ ಬೇಕು ಹಾಲಿನ ಪಾಸ್‌ಬುಕ್



ಬೆಳಕು ಹರಿಯುವ ಮೊದಲೇ ಹಾಲಿನ ಕ್ಯಾನು ಹಿಡಿದು ರಸ್ತೆಗಿಳಿಯುವವರು ನಾವು. ಕಾಪುವಿನಲ್ಲಿ ರಾಷ್ಟ್ರೀಯ ಹೆದ್ದಾರಿ 66 ದಾಟುವವರಿಗೂ, ಕಾರ್ಕಳದ ತಿರುವುಗಳಲ್ಲಿ ಬೈಕಿನಲ್ಲಿ ಹಾಲು ಒಯ್ಯುವವರಿಗೂ ಅಪಾಯ ತಪ್ಪಿದ್ದಲ್ಲ. ವಾಹನ ಬಡಿದು ಗಾಯವಾದರೆ ಪರಿಹಾರ ಪಡೆಯುವ ಕ್ರಮವನ್ನು ಎಲ್ಲರೂ ತಿಳಿದಿರಬೇಕು.

ಮೊದಲು ಚಿಕಿತ್ಸೆ, ಜೊತೆಗೇ ಪೊಲೀಸ್ ದೂರು. ಉಡುಪಿ, ಮಣಿಪಾಲ, ಯಾವ ಆಸ್ಪತ್ರೆಗೆ ಸೇರಿದರೂ ವಾಹನ ಬಡಿದದ್ದನ್ನು ವೈದ್ಯರಿಗೆ ಸ್ಪಷ್ಟವಾಗಿ ಹೇಳಿರಿ. ‘ಜಾರಿ ಬಿದ್ದದ್ದು’ ಎಂದು ಬರೆಸಿದರೆ ಮುಂದೆ ತೊಡಕು. ಬಿಲ್ಲುಗಳನ್ನು, ಬಿಡುಗಡೆ ಪತ್ರವನ್ನು ಜೋಪಾನವಾಗಿಡಿರಿ.

1988ರ ಮೋಟಾರು ವಾಹನ ಕಾಯ್ದೆಯಂತೆ ಅರ್ಜಿಯನ್ನು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಸಲ್ಲಿಸಬೇಕು. ಅಪಘಾತ ಬೇರೆ ಜಿಲ್ಲೆಯಲ್ಲಾದರೂ ಉಡುಪಿ ಜಿಲ್ಲೆಯ ನಿವಾಸಿಗಳು ಇಲ್ಲಿಯೇ ಅರ್ಜಿ ಹಾಕಬಹುದು. 2022ರ ಏಪ್ರಿಲ್ 1ರಂದು ಜಾರಿಗೆ ಬಂದ ತಿದ್ದುಪಡಿಯಲ್ಲಿ ಆರು ತಿಂಗಳ ಅವಧಿ ಹೇಳಿರುವುದರಿಂದ ತಡಮಾಡಬಾರದು.

ದುಡಿಮೆಯ ನಷ್ಟದ ಲೆಕ್ಕ ಹೀಗೆ: 42 ವರ್ಷದ ಸದಸ್ಯರ ತಿಂಗಳ ಆದಾಯ ರೂ. 15,000, ದುಡಿಯುವ ಶಕ್ತಿ ಕುಂದಿದ್ದು ಶೇ. 20 ಎಂದಿಟ್ಟುಕೊಳ್ಳೋಣ. ವರ್ಷದ ನಷ್ಟ ರೂ. 36,000. ಸುಪ್ರೀಂ ಕೋರ್ಟು 2009ರಲ್ಲಿ ನಿಗದಿಪಡಿಸಿದಂತೆ ಈ ವಯಸ್ಸಿಗೆ 14ರಿಂದ ಗುಣಿಸಿದರೆ ರೂ. 5,04,000. ಚಿಕಿತ್ಸೆಯ ವೆಚ್ಚ, ನೋವಿನ ಪರಿಹಾರ ಬೇರೆ. ಬೆರಳು ಮಡಚಲಾಗದಿದ್ದರೆ ಹಾಲು ಕರೆಯುವವರಿಗೆ ಆಗುವ ನಷ್ಟ ದೊಡ್ಡದು. ಇದನ್ನು ನ್ಯಾಯಾಲಯಕ್ಕೆ ವಿವರಿಸಿ ಹೇಳಬೇಕು.

ಆದರೆ ಆ 15,000ಕ್ಕೆ ಪುರಾವೆ ಏನು? ನಮಗೆ ಸಂಬಳದ ಚೀಟಿ ಇಲ್ಲ. ಇರುವುದು ಸಂಘದ ಪಾಸ್‌ಬುಕ್, ಬಟವಾಡೆಯ ಚೀಟಿ, ಬ್ಯಾಂಕ್ ಖಾತೆ. ದಾಖಲೆ ಇಲ್ಲದಿದ್ದರೆ ನ್ಯಾಯಮಂಡಳಿ ಅಂದಾಜು ಆದಾಯ ಹಿಡಿಯುತ್ತದೆ; ಅದು ನಿಜವಾದ ಗಳಿಕೆಗಿಂತ ಕಡಿಮೆ ಆಗಬಹುದು. ಹಾಲಿನ ಹಣವೆಲ್ಲ ಲಾಭವಲ್ಲವಾದ್ದರಿಂದ ಪಶು ಆಹಾರದ ಬಿಲ್ಲುಗಳನ್ನೂ ಇಟ್ಟುಕೊಳ್ಳಿರಿ. ಹಸು ಸಾಕುವುದು ಹೆಂಡತಿ, ಪಾಸ್‌ಬುಕ್ ಗಂಡನ ಹೆಸರಿನಲ್ಲಿ ಎಂಬ ಮನೆಗಳು ಬಹಳ. ಗೃಹಿಣಿಯ ದುಡಿಮೆಗೂ ಬೆಲೆ ಕಟ್ಟಬೇಕೆಂದು ಸುಪ್ರೀಂ ಕೋರ್ಟು 2021ರಲ್ಲಿ ಪುನಃ ಹೇಳಿದೆ. ಆದರೂ ಹಾಲು ಹಾಕುವವರ ಹೆಸರಿನಲ್ಲೇ ಸದಸ್ಯತ್ವವಿದ್ದರೆ ವಾದ ಸುಲಭ.

ಹಲವು ಪ್ರಕರಣಗಳು ಲೋಕ ಅದಾಲತ್‌ನಲ್ಲಿ ವಿಮಾ ಕಂಪೆನಿಯೊಡನೆ ರಾಜಿಯಾಗಿ ಬೇಗ ಮುಗಿಯುತ್ತವೆ. ಅದು ಒಳ್ಳೆಯದೇ. ಆದರೆ ಅಲ್ಲಿಯ ತೀರ್ಪು ಅಂತಿಮ, ಮೇಲ್ಮನವಿ ಇಲ್ಲ. ಚಿಕಿತ್ಸೆ ಮುಗಿದು ಊನದ ಪ್ರಮಾಣ ತಿಳಿಯುವ ಮೊದಲು ಒಪ್ಪಬೇಡಿರಿ. ಖಾಲಿ ಕಾಗದಕ್ಕೆ ಸಹಿ ಹಾಕಬೇಡಿರಿ. ಮಹಿಳೆಯರಿಗೆ, ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರ ನೆರವು ಸಿಗುತ್ತದೆ.

ಪ್ರತಿ ಬಟವಾಡೆಗೂ ಪಾಸ್‌ಬುಕ್ ಬರೆಸಿಕೊಳ್ಳಿರಿ. ಕಷ್ಟಕಾಲದಲ್ಲಿ ನಮ್ಮ ದುಡಿಮೆಗೆ ಅದೇ ಸಾಕ್ಷಿ.