ಮೊದಲ ಪ್ರೇಮವನ್ನು ತಿದ್ದುವ ಎರಡನೆಯ ಪುಸ್ತಕ

ಇಂಗ್ಲಿಷಿನ ಜನಪ್ರಿಯ ಕಥಾಸಾಹಿತ್ಯದಲ್ಲಿ ಕಳೆದ ಹತ್ತು ವರ್ಷಗಳಲ್ಲಿ ಬೆಳೆದು ನಿಂತಿರುವ ಒಂದು ಬಗೆಯ ಕಾದಂಬರಿಯನ್ನು ಪ್ರಕಾಶಕರೂ ಓದುಗರೂ ‘ರೊಮ್ಯಾಂಟಸಿ’ ಎಂದು ಕರೆಯುತ್ತಾರೆ. ಮಾಯಾವಿದ್ಯೆ, ಅಮರಜೀವಿಗಳು, ರಾಜ್ಯರಾಜ್ಯಗಳ ಕಾದಾಟ ಇವೆಲ್ಲ ಇರುವ ಕಲ್ಪಿತ ಲೋಕದಲ್ಲಿ ಪ್ರೇಮಕಥೆಯೊಂದನ್ನು ಹೂಡಿ, ಪ್ರೇಮವನ್ನು ತೆಗೆದರೆ ಯುದ್ಧದ ಕಥೆಯೂ ಯುದ್ಧವನ್ನು ತೆಗೆದರೆ ಪ್ರೇಮದ ಕಥೆಯೂ ಕುಸಿಯುವಂತೆ ಎರಡನ್ನೂ ಹೆಣೆಯುವುದು ಈ ಪ್ರಕಾರದ ಲಕ್ಷಣ. ಇಂಥ ಕಾದಂಬರಿಗಳಲ್ಲಿ ಬಹುಪಾಲು ಮಾಲಿಕೆಗಳಾಗಿಯೇ ಬರುತ್ತವೆ; ಹಲವುಗಳಲ್ಲಿ ಶೃಂಗಾರದ ಸನ್ನಿವೇಶಗಳು ಮುಚ್ಚುಮರೆಯಿಲ್ಲದೆ ಚಿತ್ರಿತವಾಗಿರುತ್ತವೆ, ಮತ್ತು ಅವುಗಳ ಪ್ರಮಾಣವನ್ನು ‘ಸ್ಪೈಸ್’ ಎಂಬ ಮಾತಿನಿಂದ ಅಳೆದು ಹೊಸ ಓದುಗರಿಗೆ ಮೊದಲೇ ತಿಳಿಸುವುದು ಅಭಿಮಾನಿಗಳಲ್ಲಿ ರೂಢಿಯಾಗಿದೆ. ಅಮೆರಿಕದ ರೆಬೆಕಾ ಯಾರೋಸ್ ಬರೆದ ಡ್ರ್ಯಾಗನ್ ಸವಾರರ ಮಾಲಿಕೆಯ ಮೂರನೆಯ ಪುಸ್ತಕ ‘ಆನಿಕ್ಸ್ ಸ್ಟಾರ್ಮ್’ 2025ರ ಜನವರಿಯಲ್ಲಿ ಹೊರಬಂದಾಗ ಮೊದಲ ವಾರದಲ್ಲೇ 27 ಲಕ್ಷ ಪ್ರತಿಗಳು ಮಾರಾಟವಾದವು ಎಂಬುದು ಈ ಪ್ರಕಾರದ ಹಿಡಿತ ಎಷ್ಟೆಂಬುದನ್ನು ತೋರಿಸುತ್ತದೆ.

ಈ ಜನಪ್ರಿಯತೆಗೆ ಕಾಮದ ಬಿಚ್ಚುಬರಹವೇ ಕಾರಣವೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಅಂಥ ಬರಹ ಹೊಸತೇನಲ್ಲ. ಕ್ಯಾಥ್ಲೀನ್ ವುಡಿವಿಸ್ ಅವರ ‘ದಿ ಫ್ಲೇಮ್ ಅಂಡ್ ದಿ ಫ್ಲವರ್’ 1972ರಲ್ಲಿ ಪ್ರಕಟವಾದಂದಿನಿಂದಲೂ ಅದು ಅಗ್ಗದ ಬೆಲೆಯ ಪೇಪರ್‌ಬ್ಯಾಕ್ ಆವೃತ್ತಿಗಳಲ್ಲಿ ಧಾರಾಳವಾಗಿ ದೊರೆಯುತ್ತಲೇ ಬಂದಿದೆ. ಹೀಗಿದ್ದೂ ಓದುಗರು ಒಂದು ಮಾಲಿಕೆಯನ್ನೇ ಏಕೆ ಮತ್ತೆ ಮತ್ತೆ ಓದುತ್ತಾರೆ, ಅದರ ಪಾತ್ರಗಳ ಪರ ವಿರೋಧವಾಗಿ ವರ್ಷಗಟ್ಟಲೆ ಏಕೆ ವಾದಿಸುತ್ತಾರೆ ಎಂಬುದನ್ನು ತಿಳಿಯಬೇಕಾದರೆ ಯಾವುದಾದರೊಂದು ಮಾಲಿಕೆಯ ಕಟ್ಟಡವನ್ನೇ ನೋಡಬೇಕಾಗುತ್ತದೆ. ಇದಕ್ಕೆ ಸಾರಾ ಜೆ. ಮಾಸ್ ಅವರ ‘ಎ ಕೋರ್ಟ್ ಆಫ್ ಥಾರ್ನ್ಸ್ ಅಂಡ್ ರೋಸಸ್’ ಮಾಲಿಕೆ ತಕ್ಕ ಉದಾಹರಣೆ.

1986ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಮಾಸ್ ತಮ್ಮ ಹದಿನಾರನೆಯ ವಯಸ್ಸಿನಲ್ಲಿ ಬರೆಯಲಾರಂಭಿಸಿದ ಕಥೆ 2012ರಲ್ಲಿ ‘ಥ್ರೋನ್ ಆಫ್ ಗ್ಲಾಸ್’ ಎಂಬ ಹೆಸರಿನಲ್ಲಿ ಬ್ಲೂಮ್ಸ್‌ಬರಿ ಸಂಸ್ಥೆಯಿಂದ ಪುಸ್ತಕವಾಗಿ ಬಂತು. ಪ್ರಸ್ತುತ ಮಾಲಿಕೆಯ ಮೊದಲ ಪುಸ್ತಕ 2015ರಲ್ಲಿ ಪ್ರಕಟವಾಯಿತು. 2016, 2017, 2018 ಮತ್ತು 2021ರಲ್ಲಿ ಮುಂದಿನ ನಾಲ್ಕು ಪುಸ್ತಕಗಳು ಬಂದವು. ಆರಂಭದಲ್ಲಿ ಇವುಗಳಲ್ಲಿ ಮೊದಲ ನಾಲ್ಕು ‘ಯಂಗ್ ಅಡಲ್ಟ್’, ಅಂದರೆ ಹದಿಹರೆಯದವರಿಗಾಗಿ ಬರೆದ ಸಾಹಿತ್ಯ, ಎಂಬ ವಿಭಾಗದಲ್ಲಿ ಮಾರಾಟವಾಗುತ್ತಿದ್ದವು. ಶೃಂಗಾರದ ಚಿತ್ರಣ ಆ ವಿಭಾಗಕ್ಕೆ ಹೊಂದುವುದಿಲ್ಲವೆಂಬುದು ಸ್ಪಷ್ಟವಾದ ಮೇಲೆ, 2020ರಲ್ಲಿ ಪ್ರಕಾಶಕರು ಹೊಸ ಮುಖಪುಟಗಳನ್ನು ಹಾಕಿ ಅವನ್ನು ವಯಸ್ಕರ ಪುಸ್ತಕಗಳೆಂದು ಮರುಪರಿಚಯಿಸಿದರು. ಪುಸ್ತಕಗಳ ಬಗ್ಗೆ ಕಿರುವಿಡಿಯೊಗಳನ್ನು ಮಾಡಿ ಹಂಚುವ ‘ಬುಕ್‌ಟಾಕ್’ ಬಳಗವೂ ಅದೇ ಹೊತ್ತಿಗೆ ಹಬ್ಬತೊಡಗಿದ್ದರಿಂದ, ಐದು ವರ್ಷ ಹಳೆಯದಾದ ಪುಸ್ತಕವೊಂದು ಹೊಸ ಪುಸ್ತಕದಂತೆ ಕೈಯಿಂದ ಕೈಗೆ ಸಾಗಿತು.

ಮೊದಲ ಪುಸ್ತಕದ ಮೂಲಚೌಕಟ್ಟು ಹಳೆಯದು. ಮೃಗರೂಪದ ಗಂಡಿನ ಮನೆಗೆ ಮಾನವ ಕನ್ಯೆಯೊಬ್ಬಳು ಹೋಗಿ ಪ್ರೀತಿಯಿಂದ ಶಾಪ ಬಿಡಿಸುವ ‘ಬ್ಯೂಟಿ ಅಂಡ್ ದಿ ಬೀಸ್ಟ್’ ಕಥೆಯನ್ನು ಫ್ರಾನ್ಸಿನ ವಿಲ್‌ನವ್ 1740ರಲ್ಲಿ ವಿಸ್ತಾರವಾಗಿಯೂ ಬೊಮಾಂ 1756ರಲ್ಲಿ ಸಂಕ್ಷೇಪಿಸಿಯೂ ಬರೆದರು; ಇಬ್ಬರೂ ಮಹಿಳೆಯರೆಂಬುದು ಗಮನಾರ್ಹ. ಇದಕ್ಕೂ ಹಿಂದೆ, ಕ್ರಿ.ಶ. 2ನೆಯ ಶತಮಾನದ ರೋಮನ್ ಲೇಖಕ ಅಪುಲೇಯಸ್ ಹೇಳಿದ ಕ್ಯುಪಿಡ್ ಮತ್ತು ಸೈಕಿಯ ಕಥೆಯಲ್ಲಿ ಕತ್ತಲಲ್ಲಿ ಮಾತ್ರ ಬಳಿಬರುವ, ಮುಖ ತೋರದ ಗಂಡನಿದ್ದಾನೆ. ಯಕ್ಷಿಣಿಯರ ರಾಣಿಯ ಸೆರೆಯಿಂದ ಹುಡುಗಿಯೊಬ್ಬಳು ತನ್ನ ಪ್ರಿಯನನ್ನು ಬಿಡಿಸಿ ತರುವ ‘ಟ್ಯಾಮ್ ಲಿನ್’ ಸ್ಕಾಟ್ಲೆಂಡಿನ ಹಾಡುಗತೆ. ಮಾಸ್ ಅವರ ನಾಯಕಿ ಫೇರಾ ಹತ್ತೊಂಬತ್ತರ ಬಡ ಹುಡುಗಿ. ತಂದೆಯನ್ನೂ ಇಬ್ಬರು ಅಕ್ಕಂದಿರನ್ನೂ ಬೇಟೆಯಾಡಿ ಸಾಕುತ್ತಿರುವವಳು. ತೋಳದ ರೂಪದಲ್ಲಿದ್ದ ಯಕ್ಷನೊಬ್ಬನನ್ನು ಕೊಂದ ತಪ್ಪಿಗೆ ಅವಳು ಗಡಿಗೋಡೆಯಾಚೆಯ ಪ್ರಿಥಿಯನ್ ಎಂಬ ಯಕ್ಷಲೋಕಕ್ಕೆ ಹೋಗಬೇಕಾಗುತ್ತದೆ. ಅಲ್ಲಿನ ಏಳು ರಾಜ್ಯಗಳಲ್ಲಿ ವಸಂತದ ನಾಡನ್ನು ಆಳುವ ಟ್ಯಾಮ್ಲಿನ್‌ನನ್ನು ಪ್ರೀತಿಸುತ್ತಾಳೆ, ಅವನನ್ನು ಸೆರೆಹಿಡಿದಿರುವ ಕ್ರೂರ ರಾಣಿ ಅಮರಾಂಥಾ ಒಡ್ಡಿದ ಮೂರು ಪರೀಕ್ಷೆಗಳನ್ನು ಎದುರಿಸಿ ಪ್ರಾಣ ಬಿಡುತ್ತಾಳೆ. ಏಳು ಅರಸರೂ ತಮ್ಮ ಶಕ್ತಿಯ ಅಂಶವನ್ನು ಧಾರೆಯೆರೆದಾಗ ತಾನೂ ಅಮರಜೀವಿಯಾಗಿ ಏಳುತ್ತಾಳೆ. ಜಾನಪದ ಕಥೆಯ ಲೆಕ್ಕದಲ್ಲಿ ಇಲ್ಲಿಗೆ ಎಲ್ಲವೂ ಮುಗಿಯಿತು, ಮದುವೆಯೊಂದು ಬಾಕಿ.

ಮಾಲಿಕೆಯ ನಿಜವಾದ ಸಾಹಸ ಎರಡನೆಯ ಪುಸ್ತಕ ‘ಎ ಕೋರ್ಟ್ ಆಫ್ ಮಿಸ್ಟ್ ಅಂಡ್ ಫ್ಯೂರಿ’ಯಲ್ಲಿದೆ. ಪರೀಕ್ಷೆಯ ಕಾಲದಲ್ಲಿ ತಾನು ಮಾಡಿದ ಕೊಲೆಗಳ ನೆನಪಿನಿಂದ ಫೇರಾ ರಾತ್ರಿಯೆಲ್ಲ ನರಳುತ್ತಾಳೆ, ವಾಂತಿ ಮಾಡಿಕೊಳ್ಳುತ್ತಾಳೆ, ದಿನದಿನಕ್ಕೆ ಕೃಶಳಾಗುತ್ತಾಳೆ. ಟ್ಯಾಮ್ಲಿನ್ ಅದರ ಬಗ್ಗೆ ಮಾತೆತ್ತುವುದಿಲ್ಲ. ಅವಳ ರಕ್ಷಣೆಯ ಹೆಸರಿನಲ್ಲಿ ಅವಳು ಹೋಗುವ ಬರುವ ದಾರಿಗಳನ್ನೆಲ್ಲ ಮುಚ್ಚುತ್ತ ಬಂದು, ಕೊನೆಗೆ ಅವಳನ್ನು ಮನೆಯೊಳಗೇ ಕೂಡಿಹಾಕುತ್ತಾನೆ. ಅವನು ಖಳನಾಗಿ ಹುಟ್ಟಿದವನಲ್ಲ, ಅವಳನ್ನು ಪ್ರೀತಿಸದವನೂ ಅಲ್ಲ; ಮೊದಲ ಪುಸ್ತಕದಲ್ಲಿ ಮೆಚ್ಚುಗೆ ಹುಟ್ಟಿಸಿದ್ದ ಅವನ ಕಾವಲುಗಾರಿಕೆಯೇ ಇಲ್ಲಿ ಸೆರೆಮನೆಯಾಗುತ್ತದೆ ಎಂಬುದರಲ್ಲಿ ಲೇಖಕಿಯ ಚಾತುರ್ಯವಿದೆ. ಇತ್ತ, ಮೊದಲ ಪುಸ್ತಕದಲ್ಲಿ ದುಷ್ಟನಂತೆ ಕಂಡಿದ್ದ ಇರುಳಿನ ನಾಡಿನ ಅರಸ ರೀಸ್ಯಾಂಡ್, ಹಿಂದೆ ಅವಳೊಡನೆ ಮಾಡಿಕೊಂಡಿದ್ದ ಒಪ್ಪಂದದಂತೆ ತಿಂಗಳಿಗೊಂದು ವಾರ ಅವಳನ್ನು ತನ್ನಲ್ಲಿಗೆ ಕರೆದೊಯ್ಯುತ್ತಾನೆ. ಅಕ್ಷರ ಬಾರದ ಅವಳಿಗೆ ಓದು ಕಲಿಸುತ್ತಾನೆ, ಅವಳಲ್ಲಿ ಮೂಡಿರುವ ಶಕ್ತಿಯನ್ನು ಬಳಸುವುದನ್ನೂ ಕಲಿಸುತ್ತಾನೆ, ಅಪಾಯದ ಕೆಲಸಗಳಿಗೆ ಹೋಗುವುದೋ ಬಿಡುವುದೋ ಎಂಬ ನಿರ್ಧಾರವನ್ನು ಅವಳಿಗೇ ಬಿಡುತ್ತಾನೆ. ಅರಸನಿಗೆ ಹೆಂಡತಿ ಇರಬಹುದೇ ಹೊರತು ಅವನ ಸಮಾನಳಾದ ಒಡತಿ ಎಂಬ ಪದವಿಯೇ ಇಲ್ಲವೆಂದು ಟ್ಯಾಮ್ಲಿನ್ ಹೇಳಿದ್ದರೆ, ಪುಸ್ತಕದ ಕೊನೆಯಲ್ಲಿ ಫೇರಾ ಇರುಳಿನ ನಾಡಿನಲ್ಲಿ ಅದೇ ಪದವಿಯನ್ನು ಪಡೆದಿರುತ್ತಾಳೆ.

ಈ ತಿರುವಿನ ಮಹತ್ವ ತಿಳಿಯಬೇಕಾದರೆ ಪ್ರೇಮಕಾದಂಬರಿಯ ನಿಯಮವೊಂದನ್ನು ಗಮನಿಸಬೇಕು. ಪ್ರೇಮವೇ ಕಥೆಯ ನಡುಗಂಬವಾಗಿರಬೇಕು, ಅಂತ್ಯ ಆಶಾದಾಯಕವಾಗಿರಬೇಕು ಎಂಬ ಎರಡು ಷರತ್ತುಗಳನ್ನು ಈ ಪ್ರಕಾರದ ಲೇಖಕರೂ ಓದುಗರೂ ಸಾಮಾನ್ಯವಾಗಿ ಒಪ್ಪಿದ್ದಾರೆ. 1908ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ಮಿಲ್ಸ್ ಅಂಡ್ ಬೂನ್ ಸಂಸ್ಥೆಯ ತೆಳ್ಳನೆಯ ಕಾದಂಬರಿಗಳಲ್ಲಿ ಈ ಷರತ್ತುಗಳು ಒಂದೇ ಪುಸ್ತಕದೊಳಗೆ ಪೂರೈಸುತ್ತವೆ. ಹೆಣ್ಣುಗಂಡು ಒಂದಾದೊಡನೆ ಪುಸ್ತಕ ಮುಗಿಯುವುದರಿಂದ ಆ ಆಯ್ಕೆ ಸರಿಯಿತ್ತೇ ಎಂಬ ಪ್ರಶ್ನೆಗೆ ಅಲ್ಲಿ ಜಾಗವಿಲ್ಲ. ಮಾಲಿಕೆಗೆ ಮಾತ್ರ ಮದುವೆಯ ಮಾತಾದ ಮೇಲೂ ಕಾಲವಿರುತ್ತದೆ. ಮಾಸ್ ಆ ಕಾಲವನ್ನು ಬಳಸಿಕೊಂಡು ಮೊದಲ ಪುಸ್ತಕದ ಸುಖಾಂತ್ಯವನ್ನೇ ತಪಾಸಣೆಗೆ ಒಡ್ಡಿದರು. ಮೊದಲು ಒಲಿದವನೇ ಕೊನೆಯವನಾಗಬೇಕಿಲ್ಲ, ಪ್ರಾಣ ಕೊಟ್ಟು ಪಡೆದ ಪ್ರೀತಿಯನ್ನೂ ಬಿಟ್ಟು ಹೊರಡಬಹುದು, ಹಾಗೆ ಹೊರಟವಳಿಗೂ ಸುಖಾಂತ್ಯದ ಹಕ್ಕಿದೆ ಎಂದು ಪ್ರೇಮಕಾದಂಬರಿಯ ಚೌಕಟ್ಟಿನೊಳಗೇ ಹೇಳಿದ್ದರಿಂದ ಓದುಗರಿಗೆ ಈ ಮಾಲಿಕೆ ಅಷ್ಟು ಹತ್ತಿರವಾಯಿತು. ಎರಡನೆಯದನ್ನು ಮುಗಿಸಿದವರು ಮೊದಲನೆಯದಕ್ಕೆ ಮರಳಿ, ಟ್ಯಾಮ್ಲಿನ್‌ನ ನಡೆಯಲ್ಲಿ ಮುನ್ಸೂಚನೆಗಳಿದ್ದವೇ ಎಂದು ಹುಡುಕುವುದು ಈ ಓದಿನ ಸಹಜ ಭಾಗವಾಗಿದೆ.

ಶೃಂಗಾರದ ಸನ್ನಿವೇಶಗಳೂ ಈ ತಪಾಸಣೆಯ ಅಂಗವಾಗಿಯೇ ಬರುತ್ತವೆ. ಎರಡನೆಯ ಪುಸ್ತಕದ ಆರಂಭದಲ್ಲಿ ಫೇರಾ ಮತ್ತು ಟ್ಯಾಮ್ಲಿನ್‌ರ ನಡುವೆ ದೇಹಸಂಬಂಧಕ್ಕೆ ಕೊರತೆಯಿಲ್ಲ, ಮಾತಿಗೆ ಕೊರತೆಯಿದೆ. ಹಾಸಿಗೆ ಅಲ್ಲಿ ಸಂಭಾಷಣೆಯನ್ನು ತಪ್ಪಿಸುವ ಉಪಾಯ. ರೀಸ್ಯಾಂಡ್‌ನೊಂದಿಗಾದರೋ ಐವತ್ತಕ್ಕೂ ಹೆಚ್ಚು ಅಧ್ಯಾಯಗಳವರೆಗೆ ಮಾತು, ಜಗಳ, ಚೇಷ್ಟೆ, ಕಲಿಕೆಗಳೇ ಬೆಳೆದು ಪೂರ್ಣ ಮಿಲನ ಆ ಬಳಿಕ ಬರುತ್ತದೆ. ಹೀಗೆ ಒಲವನ್ನು ನಿಧಾನವಾಗಿ ಕಾಯಿಸುವ ತಂತ್ರಕ್ಕೆ ಅಭಿಮಾನಿಗಳು ‘ಸ್ಲೋ ಬರ್ನ್’ ಎನ್ನುತ್ತಾರೆ. ಈ ಯಕ್ಷಲೋಕದಲ್ಲಿ ‘ಮೇಟ್’ ಎಂಬ, ವಿಧಿಯೇ ಬೆಸೆದ ಜೋಡಿಯ ಕಲ್ಪನೆಯೂ ಇದೆ. ಆದರೆ ಆ ಬೆಸುಗೆ ಸಿದ್ಧಿಸಬೇಕಾದರೆ ಹೆಣ್ಣು ತಾನಾಗಿ ಗಂಡಿಗೆ ಆಹಾರ ನೀಡಿ ಒಪ್ಪಿಗೆ ಸೂಚಿಸಬೇಕು. ತಾವಿಬ್ಬರೂ ಅಂಥ ಜೋಡಿಯೆಂಬ ಸಂಗತಿ ಗೊತ್ತಿದ್ದೂ ತನಗೆ ಹೇಳಲಿಲ್ಲವೆಂದು ರೀಸ್ಯಾಂಡ್‌ನ ಮೇಲೆ ಸಿಟ್ಟಾಗಿ ದೂರ ಹೋಗುವ ಫೇರಾ, ಅವನ ಕಥೆಯನ್ನೆಲ್ಲ ಕೇಳಿದ ಮೇಲೆ ಒಂದು ಬಟ್ಟಲು ಸೂಪು ಬಿಸಿಮಾಡಿ ಕೊಡುತ್ತಾಳೆ. ವಿಧಿ ತೀರ್ಮಾನಿಸಿದ್ದಕ್ಕೂ ಹೆಣ್ಣಿನ ಸಮ್ಮತಿ ಬೇಕೆಂಬ ಈ ಏರ್ಪಾಡನ್ನು, ನಾಯಕನ ಬಲಾತ್ಕಾರದಿಂದಲೇ ಪ್ರೇಮ ಶುರುವಾಗುತ್ತಿದ್ದ ವುಡಿವಿಸ್ ಅವರ 1972ರ ಕಾದಂಬರಿಯ ಪಕ್ಕದಲ್ಲಿಟ್ಟು ನೋಡಿದರೆ ಈ ಪ್ರಕಾರ ನಡೆದು ಬಂದ ದೂರ ತಿಳಿಯುತ್ತದೆ.

ಮಿಲನವನ್ನು ಮುಂದೂಡುತ್ತ ರಸವನ್ನು ಬೆಳೆಸುವ ಕ್ರಮ ಭಾರತೀಯ ಕಾವ್ಯಮೀಮಾಂಸೆಗೆ ಚೆನ್ನಾಗಿ ಗೊತ್ತಿರುವಂಥದು. ಶೃಂಗಾರವನ್ನು ಸಂಭೋಗ ಮತ್ತು ವಿಪ್ರಲಂಭ, ಅಂದರೆ ಕೂಡುವಿಕೆ ಮತ್ತು ಅಗಲಿಕೆ, ಎಂದು ಎರಡಾಗಿ ವಿಂಗಡಿಸಿದ ಆಲಂಕಾರಿಕರು ಅಗಲಿಕೆಯಿಲ್ಲದೆ ಕೂಟಕ್ಕೆ ಪುಷ್ಟಿ ಬಾರದೆಂದು ತಿಳಿದಿದ್ದರು. ಕನಸಿನಲ್ಲಿ ಪರಸ್ಪರರನ್ನು ಕಂಡ ರಾಜಕುಮಾರ ರಾಜಕುಮಾರಿಯರು ಹಲವು ಅಡ್ಡಿಗಳನ್ನು ದಾಟಿ ಒಂದಾಗುವ ಕಥೆಯನ್ನು 12ನೆಯ ಶತಮಾನದ ನೇಮಿಚಂದ್ರ ‘ಲೀಲಾವತಿ’ ಪ್ರಬಂಧದಲ್ಲಿ ಹೇಳಿದ್ದಾನೆ. ಅದ್ಭುತವನ್ನೂ ಶೃಂಗಾರವನ್ನೂ ಬೆರೆಸಿದ ಕಥನ ಕನ್ನಡಕ್ಕೆ ಅಪರಿಚಿತವಲ್ಲ. ಮಾಸ್ ಅವರಲ್ಲಿ ಬೇರೆಯಾಗಿರುವುದು, ಆ ಕಥನವನ್ನು ನಾಯಕಿಯೇ ತನ್ನ ಬಾಯಿಂದ, ತನ್ನ ಸಂದೇಹಗಳ ಸಮೇತ ಹೇಳುತ್ತಾಳೆ ಎಂಬುದು.

ಇಂಥ ಪುಸ್ತಕಗಳನ್ನು ಓದುವವರ ಮನಸ್ಸನ್ನು ವಿದ್ವಾಂಸರು ಅಲಕ್ಷಿಸಿದ್ದ ಕಾಲದಲ್ಲಿ ಅಮೆರಿಕದ ಜ್ಯಾನಿಸ್ ರ್ಯಾಡ್‌ವೇ, ಮಧ್ಯಪಶ್ಚಿಮದ ಪಟ್ಟಣವೊಂದರ ಪ್ರೇಮಕಾದಂಬರಿ ಓದುಗಿಯರನ್ನು ಮಾತನಾಡಿಸಿ 1984ರಲ್ಲಿ ‘ರೀಡಿಂಗ್ ದಿ ರೊಮ್ಯಾನ್ಸ್’ ಎಂಬ ಅಧ್ಯಯನವನ್ನು ಪ್ರಕಟಿಸಿದರು. ಗಂಡ, ಮಕ್ಕಳು, ಮನೆಗೆಲಸಗಳಿಗೆ ಹಂಚಿಹೋದ ದಿನದಲ್ಲಿ ಪುಸ್ತಕ ಹಿಡಿದು ಕೂರುವುದೇ ತನ್ನ ಸಮಯವನ್ನು ತನಗಾಗಿ ಕಾದಿಟ್ಟುಕೊಳ್ಳುವ ಕ್ರಿಯೆಯೆಂದು ಆ ಮಹಿಳೆಯರು ಭಾವಿಸಿದ್ದರೆಂಬುದು ಅವರು ಕಂಡುಕೊಂಡ ಮುಖ್ಯ ಸಂಗತಿ. ವಾರಪತ್ರಿಕೆಗಳ ಧಾರಾವಾಹಿಗಳಿಗೂ ತ್ರಿವೇಣಿ, ಸಾಯಿಸುತೆಯರ ಕಾದಂಬರಿಗಳಿಗೂ ಕಾದು ಕೂತಿದ್ದ ಕನ್ನಡದ ಓದುಗಿಯರ ವಿಷಯದಲ್ಲೂ ಇದು ಒಪ್ಪುವ ಮಾತು. ರ್ಯಾಡ್‌ವೇ ಅವರ ಓದುಗಿಯರಲ್ಲಿ ಕೆಲವರು ಕೊನೆಯ ಪುಟಗಳನ್ನು ಮೊದಲೇ ಓದಿ ಅಂತ್ಯವನ್ನು ಖಚಿತಪಡಿಸಿಕೊಳ್ಳುತ್ತಿದ್ದರು; ಕೊನೆ ಒಳ್ಳೆಯದೆಂದು ಗೊತ್ತಿದ್ದಾಗಲೇ ನಡುವಿನ ನೋವನ್ನು ಧೈರ್ಯವಾಗಿ ಅನುಭವಿಸಬಹುದು ಎಂಬುದು ಇದರ ತರ್ಕ. ಸೆರೆ, ಹಿಂಸೆ, ಮಾನಸಿಕ ಆಘಾತಗಳಂಥ ಭಾರವಾದ ವಸ್ತುಗಳನ್ನು ರೊಮ್ಯಾಂಟಸಿ ಹೊರಬಲ್ಲುದು ಇದೇ ಭರವಸೆಯ ಬಲದಿಂದ.

ಆಕ್ಷೇಪಗಳೂ ಉಂಟು. 2022ರಲ್ಲಿ ವರ್ಜೀನಿಯಾ ರಾಜ್ಯದಲ್ಲಿ ಮಾಲಿಕೆಯ ಎರಡನೆಯ ಪುಸ್ತಕವನ್ನು ಅಶ್ಲೀಲವೆಂದು ಘೋಷಿಸಬೇಕೆಂದು ಕೋರಿದ ದಾವೆಯನ್ನು ನ್ಯಾಯಾಲಯ ವಜಾ ಮಾಡಿತು. 2024ರಲ್ಲಿ ಯೂಟಾ ರಾಜ್ಯ ತನ್ನ ಸರ್ಕಾರಿ ಶಾಲೆಗಳಿಂದ ತೆಗೆದುಹಾಕಿಸಿದ ಮೊದಲ 13 ಪುಸ್ತಕಗಳಲ್ಲಿ ಆರು ಮಾಸ್ ಅವರವು. ಶಾಲೆಯ ಕಪಾಟಿನಲ್ಲಿ ಏನಿರಬೇಕೆಂಬ ಈ ವಿವಾದಕ್ಕಿಂತ ಕಥೆಯೊಳಗಿನ ಆಕ್ಷೇಪಗಳು ಹೆಚ್ಚು ವಿಚಾರಾರ್ಹ. ನಾಯಕಿಗೆ ಹತ್ತೊಂಬತ್ತು, ರೀಸ್ಯಾಂಡ್‌ಗೆ ಐನೂರಕ್ಕೂ ಹೆಚ್ಚು ವರ್ಷ. ಮೊದಲ ಪುಸ್ತಕದಲ್ಲಿ ಅವನು ಅವಳಿಗೆ ಅಮಲಿನ ಪಾನೀಯ ಕುಡಿಸಿ ಸಭೆಯಲ್ಲಿ ಕುಣಿಸಿದ್ದನ್ನು ಎರಡನೆಯ ಪುಸ್ತಕ ಅವಳನ್ನು ಉಳಿಸುವ ನಟನೆಯೆಂದು ವಿವರಿಸುತ್ತದೆ. ಈ ವಿವರಣೆಯಿಂದ ಸಮಾಧಾನಗೊಳ್ಳದ ಓದುಗರು ಕಡಿಮೆಯಿಲ್ಲ.

ನೆಸ್ಟಾ ಎಂಬ ಅಕ್ಕನನ್ನು ಕೇಂದ್ರವಾಗಿಟ್ಟುಕೊಂಡ ಐದನೆಯ ಪುಸ್ತಕ ‘ಎ ಕೋರ್ಟ್ ಆಫ್ ಸಿಲ್ವರ್ ಫ್ಲೇಮ್ಸ್’ನಲ್ಲಿ ಈ ಅಸಮಾಧಾನ ಇನ್ನೂ ಹರಿತವಾಯಿತು. ಗರ್ಭಿಣಿಯಾದ ಫೇರಾಳ ಜೀವಕ್ಕೆ ಹೆರಿಗೆಯಲ್ಲಿ ಅಪಾಯವಿದೆಯೆಂಬುದನ್ನು ರೀಸ್ಯಾಂಡ್ ಅವಳಿಗೇ ತಿಳಿಸದೆ ಬಚ್ಚಿಡುತ್ತಾನೆ, ಅವಳ ಒಳಿತಿಗಾಗಿ ಎಂಬ ಹಳೆಯ ಕಾರಣವನ್ನೇ ಕೊಡುತ್ತಾನೆ. ಟ್ಯಾಮ್ಲಿನ್ ಮಾಡಿದ್ದಕ್ಕೂ ಇದಕ್ಕೂ ಏನು ವ್ಯತ್ಯಾಸವೆಂದು ಅಭಿಮಾನಿಗಳೇ ಕೇಳಿದರು, ಇಂದಿಗೂ ಕೇಳುತ್ತಿದ್ದಾರೆ. ಆದರ್ಶ ನಾಯಕನೆಂದು ತಾವೇ ಮೆರೆಸಿದವನನ್ನು ಅವರು ಅಳೆಯುತ್ತಿರುವುದು ಎರಡನೆಯ ಪುಸ್ತಕ ತಮ್ಮ ಕೈಗೆ ಕೊಟ್ಟ ಅಳತೆಗೋಲಿನಿಂದಲೇ. ಬರಿಯ ಕನಸಿನ ಲೋಕಕ್ಕೆ ಮರುಳಾದವರು ಅದರ ಅರಸನಿಗೆ ಇಂಥ ಪ್ರಶ್ನೆ ಹಾಕುವುದಿಲ್ಲ. ಈ ಮಾಲಿಕೆಯ ಮೇಲಿನ ಮೋಹದಲ್ಲಿ ವಿವೇಚನೆಗೆ ಸಾಕಷ್ಟು ಜಾಗವಿದೆ ಎಂಬುದಕ್ಕೆ ಆ ಪ್ರಶ್ನೆಯೇ ಪುರಾವೆ.