ನಿಮಗಿದು ಗೊತ್ತೇ? ಮರಿ ನೋಡಿ ಕುಲ ಹೇಳಿ!

ಏಡಿ, ಸಿಗಡಿ ಮತ್ತವುಗಳ ಬಳಗಕ್ಕೆ ಕಠಿಣಚರ್ಮಿಗಳೆಂದು ಹೆಸರು. ಈ ಬಳಗದಲ್ಲಿ ಯಾರು ಯಾರ ನೆಂಟರೆಂದು ತಿಳಿಯಬೇಕಾದರೆ ಮರಿಗಳನ್ನೇ ಕೇಳಬೇಕು.

● ಈ ಬಳಗದ ಅನೇಕ ಪ್ರಾಣಿಗಳು ಮೊಟ್ಟೆಯಿಂದ ಹೊರಬರುವುದು ‘ನಾಪ್ಲಿಯಸ್’ ಎಂಬ ಲಾರ್ವಾ ರೂಪದಲ್ಲಿ. ತಲೆಯ ನಡುವೆ ಒಂದೇ ಕಣ್ಣು, ಈಜಲು ಮೂರೇ ಜೊತೆ ಅವಯವ. ಬೆಳೆಯುತ್ತ ಹೋದಂತೆ ಸಾಮಾನ್ಯವಾಗಿ ಮೊದಲೆರಡು ಜೊತೆ ಮೀಸೆಗಳಾಗುತ್ತವೆ, ಮೂರನೆಯದು ದವಡೆ!

● ನಾಪ್ಲಿಯಸ್ ಎಂದು ಹೆಸರಿಟ್ಟ ಡೆನ್ಮಾರ್ಕಿನ ಓ.ಎಫ್. ಮ್ಯೂಲರ್ ಅದನ್ನು ಬೆಳೆದ ಪ್ರಾಣಿಯೆಂದೇ ನಂಬಿದ್ದರು. ಏಡಿಯ ಲಾರ್ವಾ ‘ಜೋಯಿಯಾ’ ಕೂಡ ಕೆಲಕಾಲ ಬೇರೆಯೇ ಪ್ರಾಣಿಯಾಗಿ ಪುಸ್ತಕಗಳಲ್ಲಿ ಮೆರೆದಿತ್ತು.

● ಸಮುದ್ರದ ಬಂಡೆ, ಹಡಗಿನ ತಳಕ್ಕೆ ಅಂಟಿ ಕೂರುವ ಬಾರ್ನಕಲ್‌ಗಳ ಗಟ್ಟಿ ಕವಚ ಕಂಡು ಪ್ರಾಣಿವಿಜ್ಞಾನಿ ಕುವಿಯೆಯಂಥ ಘಟಾನುಘಟಿಯೇ ಅವನ್ನು ಮೃದ್ವಂಗಿಗಳ ಸಾಲಿಗೆ ಸೇರಿಸಿದ್ದರು. ಅವುಗಳ ಲಾರ್ವಾಗಳನ್ನು ಗಮನಿಸಿದ ಜಾನ್ ವಾನ್ ಥಾಂಪ್ಸನ್, ಇವು ಏಡಿ-ಸಿಗಡಿಗಳ ಬಳಗವೆಂದು 1830ರಲ್ಲಿ ಸಾರಿದರು. ಐರ್ಲೆಂಡಿನ ಕಾರ್ಕ್‌ನಲ್ಲಿದ್ದ ಅವರು ವೃತ್ತಿಯಿಂದ ಸೇನಾ ವೈದ್ಯ!

● ಬಾರ್ನಕಲ್‌ನ ಕೊನೆಯ ಹಂತದ ಲಾರ್ವಾ ಏನನ್ನೂ ತಿನ್ನುವುದಿಲ್ಲ. ಮೀಸೆಯಿಂದ ಬಂಡೆಯನ್ನು ತಡವಿ ಜಾಗ ಆರಿಸಿ, ಅಂಟು ಸುರಿಸಿ ತಲೆಯೂರಿಬಿಡುತ್ತದೆ. ಮುಂದೆ ಜೀವಮಾನವಿಡೀ ಕಾಲಿನಿಂದಲೇ ಆಹಾರ ಬಾಚುವುದು.

● ‘ಸ್ಯಾಕ್ಯುಲಿನಾ’ ಏಡಿಯ ಹೊಟ್ಟೆಯಡಿ ಬೆಳೆಯುವ ಪರೋಪಜೀವಿ. ಹೊರಗೊಂದು ಚೀಲ, ಏಡಿಯ ಮೈಯೊಳಗೆಲ್ಲ ಬೇರುಗಳು. ಕಾಲಿಲ್ಲ, ಕಣ್ಣಿಲ್ಲ, ಬಾಯಿಯೂ ಇಲ್ಲ. ಅದರ ಮರಿಯೋ ಬಾರ್ನಕಲ್‌ಗಳ ಮರಿಯಂಥದೇ ಅಚ್ಚುಕಟ್ಟಾದ ನಾಪ್ಲಿಯಸ್. ಹಾಗಾಗಿ ಅದೂ ಬಾರ್ನಕಲ್ ಕುಲದ್ದೇ ಎಂಬ ಗುಟ್ಟು ರಟ್ಟಾಯಿತು.

● ಡಾರ್ವಿನ್ ಬಾರ್ನಕಲ್‌ಗಳ ಅಧ್ಯಯನದಲ್ಲೇ 1846ರಿಂದ 1854ರವರೆಗೆ ಎಂಟು ವರ್ಷ ಕಳೆದರು.

● ಬ್ರೆಜಿಲ್‌ನಲ್ಲಿ ನೆಲೆಸಿದ್ದ ಫ್ರಿಟ್ಸ್ ಮ್ಯೂಲರ್ ಸಿಗಡಿಯಲ್ಲೂ ನಾಪ್ಲಿಯಸ್ ಹಂತವನ್ನು ಪತ್ತೆಹಚ್ಚಿ, 1864ರಲ್ಲಿ ಡಾರ್ವಿನ್ನರ ವಿಕಾಸವಾದದ ಪರ ಪುಸ್ತಕವನ್ನೇ ಬರೆದರು. ಅದರ ಇಂಗ್ಲಿಷ್ ಅನುವಾದದ ಖರ್ಚು ಹೊತ್ತವರು ಸ್ವತಃ ಡಾರ್ವಿನ್!

● ಹಾಗೆಂದು ಮರಿಯೆಂದರೆ ಪೂರ್ವಜನ ಪ್ರತಿರೂಪವಲ್ಲ. ಪ್ರತಿ ಜೀವಿಯೂ ಬೆಳೆಯುವಾಗ ತನ್ನ ವಂಶದ ಇತಿಹಾಸವನ್ನು ಮರಳಿ ಆಡುತ್ತದೆಂಬ ಜೀವವಿಜ್ಞಾನಿ ಹೆಕಲ್ ವಾದವನ್ನು ವಿಜ್ಞಾನ ಕೈಬಿಟ್ಟಿದೆ. ಲಾರ್ವಾಗಳೂ ತಮ್ಮ ಬದುಕಿಗೆ ತಕ್ಕಂತೆ ವಿಕಾಸ ಹೊಂದುತ್ತವೆ. ಜೋಯಿಯಾದ ಉದ್ದನೆಯ ಮುಳ್ಳುಗಳು ಶತ್ರುಗಳಿಂದ ರಕ್ಷಣೆಗೆ ಬಂದಂಥವು.

● ಸ್ವೀಡನ್ನಿನ ಸುಣ್ಣಕಲ್ಲಿನಲ್ಲಿ ಸುಮಾರು 50 ಕೋಟಿ ವರ್ಷ ಹಳೆಯ ಲಾರ್ವಾ ಪಳೆಯುಳಿಕೆಗಳು ಸಿಕ್ಕಿವೆ. ಮಿಲಿಮೀಟರಿಗೂ ಕಿರಿದಾದ ಅವುಗಳ ಕಾಲಿನ ರೋಮಗಳೂ ಉಳಿದಿವೆ!

● ‘ವೈ-ಲಾರ್ವಾ’ ಎಂಬ ಮರಿಗಳು ವಿಜ್ಞಾನಿಗಳಿಗೆ ನೂರು ವರ್ಷಗಳಿಗೂ ಹೆಚ್ಚು ಕಾಲದಿಂದ ಗೊತ್ತು, ದೊಡ್ಡವಾದ ಮೇಲೆ ಅವು ಏನಾಗುತ್ತವೆಂಬುದು ಒಗಟು. 2008ರಲ್ಲಿ ಪೊರೆ ಕಳಚುವ ಹಾರ್ಮೋನು ಕೊಟ್ಟು ನೋಡಿದಾಗ ಕಾಲಿಲ್ಲದ, ಹುಳುವಿನಂಥ ರೂಪ ಹೊರಬಂತು. ಹಾಗಾಗಿ ಸ್ಯಾಕ್ಯುಲಿನಾದಂತೆ ಇವೂ ಪರೋಪಜೀವಿಗಳಾಗುತ್ತವೆಂಬ ಊಹೆ ಬಲವಾಗಿದೆ.

● ಕ್ರಿಸ್‌ಮಸ್ ದ್ವೀಪದ ಕೆಂಪೇಡಿ ಕಾಡಿನಲ್ಲೇ ಬಾಳಿದರೂ ಮೊಟ್ಟೆ ಬಿಡಲು ಕಡಲಿಗೇ ಇಳಿಯಬೇಕು. ಪೂರ್ವಜರ ಊರು ಅದೇ ತಾನೆ! ನಮ್ಮ ಪಶ್ಚಿಮ ಘಟ್ಟದ ಸಿಹಿನೀರ ಏಡಿಗಳು ಆ ನಂಟನ್ನೂ ಕಡಿದುಕೊಂಡಿವೆ. ಲಾರ್ವಾ ಹಂತಗಳೆಲ್ಲ ಮೊಟ್ಟೆಯೊಳಗೇ ಮುಗಿದು, ಹೊರಬರುವುದು ಪುಟ್ಟ ಏಡಿಗಳೇ. ಮಲೆನಾಡಿನ ಗದ್ದೆಯಲ್ಲಿ ಹೊಟ್ಟೆಯಡಿ ಮರಿ ಹೊತ್ತ ಹೆಣ್ಣೇಡಿ ಕಂಡರೆ, ನೋಡಿ ಸಂತೋಷಪಟ್ಟು ಅಲ್ಲೇ ಬಿಟ್ಟುಬಿಡಿ.