ಒಂದೇ ಮನೆ, ಎರಡು ಒಲೆ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಕಾಲ ಮುಗಿಯಿತು. ಮಾರನೆಯ ದಿನದಿಂದ ಕಂಪ್ಯೂಟರ್ ಏನೂ ನಿಂತುಹೋಗಲಿಲ್ಲ. ಆದರೆ ಹೊಸದಾಗಿ ಪತ್ತೆಯಾಗುವ ಬಿರುಕುಗಳಿಗೆ ಮೊದಲಿನಂತೆ ತಾನಾಗಿಯೇ ತೇಪೆ ಬರುವುದಿಲ್ಲ. ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ ಒಂದು ವರ್ಷದ ಹೆಚ್ಚುವರಿ ಗಡುವು ಸಿಕ್ಕಿತು, ಅಷ್ಟೆ. ವಿಂಡೋಸ್ 11ಕ್ಕೆ ಹೋಗೋಣವೆಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ಪನ್ನು ಕೇಳುತ್ತದೆ, ಇಂಟೆಲ್ ಯಂತ್ರವಾದರೆ ಹೆಚ್ಚುಕಡಿಮೆ ಎಂಟನೆಯ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರನ್ನೂ ಕೇಳುತ್ತದೆ. 2016ರಲ್ಲಿ ಕೊಂಡ, ಇಂದಿಗೂ ಗಟ್ಟಿಮುಟ್ಟಾಗಿರುವ ಎಷ್ಟೋ ಕಂಪ್ಯೂಟರುಗಳು ಹೀಗೆ ಹೊಸ್ತಿಲ ಹೊರಗೇ ಉಳಿದವು. ಇಂಥ ಮನೆಗಳಿಗೆ ಸಿಗುವ ಸಲಹೆ ಸಾಮಾನ್ಯವಾಗಿ ಎರಡು: ಹೊಸದನ್ನು ಕೊಳ್ಳಿ, ಇಲ್ಲವೇ ಎಲ್ಲ ಅಳಿಸಿ ವಿಂಡೋಸ್ ಬದಲು ಲಿನಕ್ಸ್ ಹಾಕಿ. ಮೊದಲನೆಯದು ದುಬಾರಿ, ಎರಡನೆಯದು ದುಡುಕು. ಹಳೆಯ ವಿಂಡೋಸನ್ನು ಅದರ ಪಾಡಿಗೆ ಬಿಟ್ಟು, ಪಕ್ಕದಲ್ಲೇ ಲಿನಕ್ಸಿಗೆ ಒಂದು ಪಾಲು ಕೊಡುವ ಡ್ಯುಯಲ್ ಬೂಟ್ ಹೆಚ್ಚಿನ ಮನೆಗಳಿಗೆ ಸರಿಯಾದ ದಾರಿ ಎಂಬುದು ನನ್ನ ವಾದ.

ಈ ಏರ್ಪಾಡಿಗೆ ಅಂಟಿದ ಕೆಟ್ಟ ಹೆಸರು ಬಹುಪಾಲು ಹಳೆಯ ಕಾಲದ್ದು. ಆಗ ಹಾರ್ಡ್ ಡಿಸ್ಕಿನ ಮೊದಲ 512 ಬೈಟುಗಳ ಒಂದೇ ತುಣುಕಿನಲ್ಲಿ ಯಂತ್ರವನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಂ ಕೂತಿರುತ್ತಿತ್ತು. ಅಲ್ಲಿ ಒಬ್ಬರಿಗೆ ಮಾತ್ರ ಜಾಗ. ಆಮೇಲೆ ಬಂದವರು ಮೊದಲಿದ್ದವರನ್ನು ಅಳಿಸಿಯೇ ಕೂರಬೇಕಿತ್ತು. ವಿಂಡೋಸ್ ಮತ್ತೆ ಹಾಕಿದೊಡನೆ ಲಿನಕ್ಸ್ ಮಾಯವಾಗುತ್ತಿದ್ದುದು ಇದರಿಂದಲೇ. ಈಗಿನ ಯಂತ್ರಗಳಲ್ಲಿ ಎಬ್ಬಿಸುವ ಕೆಲಸಕ್ಕೆ ಹಳೆಯ ಬಯಾಸ್ ಬದಲು ಯುಇಎಫ್ಐ ಇದೆ. ಡಿಸ್ಕಿನಲ್ಲಿ ಕೆಲವು ನೂರು ಎಂಬಿಯ ಒಂದು ಚಿಕ್ಕ ಪಾಲನ್ನು ಅದಕ್ಕೆಂದೇ ಮೀಸಲಿಟ್ಟಿರುತ್ತಾರೆ. ಅದರೊಳಗೆ ವಿಂಡೋಸಿಗೆ ಒಂದು ಫೋಲ್ಡರ್, ಲಿನಕ್ಸಿಗೆ ಇನ್ನೊಂದು. ಸ್ವಿಚ್ ಒತ್ತಿದಾಗ ಗ್ರಬ್ ಎಂಬ ಲೋಡರ್ ತೆರೆಯ ಮೇಲೆ ಪಟ್ಟಿ ತೋರಿಸಿ ಯಾವುದು ಬೇಕೆಂದು ಕೇಳುತ್ತದೆ. ಆರಿಸಿಕೊಂಡದ್ದೊಂದೇ ಏಳುತ್ತದೆ, ಇನ್ನೊಂದು ಮಲಗಿಯೇ ಇರುತ್ತದೆ. ಮೆಮೊರಿ, ಪ್ರೊಸೆಸರ್ ಎಲ್ಲ ಎದ್ದವರಿಗೇ. 4 ಜಿಬಿ ರ‍್ಯಾಮಿನ ಹಳೆಯ ಯಂತ್ರಕ್ಕೆ ಇದು ದೊಡ್ಡ ಮಾತು. ವರ್ಚುವಲ್ ಮಷಿನ್ ಹಾಕಿ ಒಂದರೊಳಗೊಂದು ನಡೆಸಬಹುದಲ್ಲ ಎನ್ನುವವರು ಮರೆಯುವುದು ಇದನ್ನೇ: ಅಲ್ಲಿ ಎರಡೂ ಒಟ್ಟಿಗೆ ಎದ್ದು, ಇರುವ ಅಷ್ಟೇ ಅನ್ನವನ್ನು ಹಂಚಿಕೊಂಡು ಉಣ್ಣಬೇಕು.

ಹಾಗಾದರೆ ಲಿನಕ್ಸ್ ಒಂದೇ ಸಾಲದೇ ಎಂಬ ಪ್ರಶ್ನೆ ನ್ಯಾಯವಾದದ್ದು. ಬ್ಯಾಂಕು, ಇಮೇಲ್, ಯೂಟ್ಯೂಬ್, ಪತ್ರ ಬರೆಯುವುದು ಇಷ್ಟೇ ಆಗಿದ್ದರೆ ಸಾಕು. ಆದರೆ ಕನ್ನಡದ ಮನೆಗಳಲ್ಲಿ, ಚಿಕ್ಕ ಕಚೇರಿಗಳಲ್ಲಿ ವರ್ಷಗಳಿಂದ ಕೂಡಿಬಂದ ಸರಕು ಬೇರೆಯೇ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ವಿಂಡೋಸಿನಲ್ಲಿ ಬೆಳೆದದ್ದು. ಯೂನಿಕೋಡ್ ರೂಢಿಗೆ ಬರುವ ಮೊದಲು ಅದರಲ್ಲಿ ಮಾಡಿದ ಕಡತಗಳನ್ನು ಆ ಫಾಂಟಿಲ್ಲದೆ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣುತ್ತದೆ. ಅಂಗಡಿಯ ಲೆಕ್ಕ ಟ್ಯಾಲಿಯಲ್ಲಿರುತ್ತದೆ. ಲಿನಕ್ಸಿಗೆ ಡ್ರೈವರೇ ಸಿಗದ ಹಳೆಯ ಪ್ರಿಂಟರು ಮೂಲೆಯಲ್ಲಿ ಕೂತಿರುತ್ತದೆ. ಇವನ್ನೆಲ್ಲ ಒಂದೇ ರಾತ್ರಿಯಲ್ಲಿ ಬಿಟ್ಟುಬನ್ನಿ ಎನ್ನುವುದು ಜನರ ದುಡಿಮೆಗೆ ತೋರುವ ಅಗೌರವ. ಹೊಸ ಕಡತಗಳ ಮಟ್ಟಿಗೆ ಮಾತ್ರ ಲಿನಕ್ಸ್ ಹಿಂದೆ ಬಿದ್ದಿಲ್ಲ. ನುಡಿಯಲ್ಲಿ ಕೈ ಪಳಗಿದವರಿಗೆ ಅದೇ ಕೆ.ಪಿ. ರಾವ್ ಕೀಲಿಮಣೆಯ ಜಾಡಿನ ವಿನ್ಯಾಸ ಅಲ್ಲೂ ಇದೆ, ಬರೆದದ್ದೆಲ್ಲ ಯೂನಿಕೋಡಿನಲ್ಲೇ ಉಳಿಯುತ್ತದೆ.

ತೇಪೆಯಿಲ್ಲದ ವಿಂಡೋಸನ್ನು ಉಳಿಸಿಕೊಳ್ಳುವುದೇ ಅಪಾಯವಲ್ಲವೇ? ಹೌದು, ಅದನ್ನು ಮೊದಲಿನಂತೆಯೇ ಬಳಸಿದರೆ. ಡ್ಯುಯಲ್ ಬೂಟಿನ ನಿಜವಾದ ಲಾಭ ಕೆಲಸ ಹಂಚುವುದರಲ್ಲಿದೆ. ಇಂಟರ್ನೆಟ್ಟಿನ ಕೆಲಸವೆಲ್ಲ ಲಿನಕ್ಸಿನಲ್ಲಿ. ವಿಂಡೋಸಿನಲ್ಲಿ ವೈಫೈ ಆಫ್ ಮಾಡಿ ಹಳೆಯ ಕಡತ, ಹಳೆಯ ಲೆಕ್ಕ, ಹಳೆಯ ಪ್ರಿಂಟರು ಮಾತ್ರ. ಲಿನಕ್ಸಿನಿಂದ ವಿಂಡೋಸ್ ಪಾಲಿನ ಕಡತಗಳನ್ನು ಓದಬಹುದು, ಬರೆಯಬಹುದು; ವಿಂಡೋಸಿಗೆ ಲಿನಕ್ಸಿನ ಪಾಲು ಸಾಮಾನ್ಯವಾಗಿ ಕಾಣುವುದಿಲ್ಲ. ಈ ಗೋಡೆ ಅಭೇದ್ಯವೇನಲ್ಲ, ಆದರೆ ಬೇಲಿಯೇ ಇಲ್ಲದ ಹಿತ್ತಿಲಿಗಿಂತ ಎಷ್ಟೋ ವಾಸಿ.

ಅಪಾಯವಿರುವುದು ಹಾಕುವ ಹೊತ್ತಿನಲ್ಲಿ. ಇನ್‌ಸ್ಟಾಲರ್ ಕೇಳುವ ಒಂದು ಪ್ರಶ್ನೆಗೆ ಇಡೀ ಡಿಸ್ಕ್ ಅಳಿಸು ಎಂದು ಕೈತಪ್ಪಿ ಉತ್ತರಿಸಿದರೆ ಮದುವೆಯ ಫೋಟೋಗಳಿಂದ ಹಿಡಿದು ಎಲ್ಲವೂ ಹೋಯಿತು. ಆದ್ದರಿಂದ ಬೇಕಾದದ್ದರ ಪ್ರತಿಯನ್ನು ಹೊರಗಿನ ಡಿಸ್ಕಿಗೆ ತೆಗೆದಿಡದೆ ಈ ಕೆಲಸಕ್ಕೆ ಕೈ ಹಾಕಲೇಬಾರದು. ಆಮೇಲೆ 8 ಜಿಬಿಯ ಪೆನ್‌ಡ್ರೈವಿಗೆ ಲಿನಕ್ಸ್ ತುಂಬಿ, ಏನನ್ನೂ ಹಾಕದೆ ಅದರಿಂದಲೇ ಯಂತ್ರ ಎಬ್ಬಿಸಿ ವೈಫೈ, ಶಬ್ದ, ಪ್ರಿಂಟರು ನಡೆಯುತ್ತವೆಯೇ ಎಂದು ನೋಡಬಹುದು. ಒಪ್ಪಿಗೆಯಾದರೆ ವಿಂಡೋಸಿನದೇ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಅದರ ಪಾಲನ್ನು ಕುಗ್ಗಿಸಿ 50 ಜಿಬಿಯಷ್ಟು ಖಾಲಿ ಜಾಗ ಬಿಡಬೇಕು. ಬಿಟ್‌ಲಾಕರ್ ಬೀಗ ಬಿದ್ದಿರುವ ಯಂತ್ರವಾದರೆ 48 ಅಂಕಿಗಳ ರಿಕವರಿ ಕೀಯನ್ನು ಮೊದಲೇ ಕಾಗದದ ಮೇಲೆ ಬರೆದಿಡುವುದು ಕ್ಷೇಮ. ಬೂಟ್ ವ್ಯವಸ್ಥೆ ಬದಲಾದದ್ದು ಕಂಡರೆ ಅದು ಆ ಕೀ ಕೇಳುತ್ತದೆ. ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಅನ್ನೂ ಆಫ್ ಮಾಡಬೇಕು. ಅದಿದ್ದರೆ ಶಟ್‌ಡೌನ್ ಒತ್ತಿದರೂ ವಿಂಡೋಸ್ ಪೂರ್ತಿ ಮುಚ್ಚದೆ ಅರೆನಿದ್ದೆಯಲ್ಲಿರುತ್ತದೆ, ಆಗ ಅದರ ಪಾಲಿಗೆ ಲಿನಕ್ಸಿನಿಂದ ಬರೆಯಲಾಗುವುದಿಲ್ಲ.

ಇದಾದ ಮೇಲೂ ಒಂದು ವಿಚಿತ್ರ ಕಾದಿರುತ್ತದೆ: ಗಡಿಯಾರ ಐದೂವರೆ ಗಂಟೆ ತಪ್ಪುತ್ತದೆ. ಮದರ್‌ಬೋರ್ಡಿನ ಗಡಿಯಾರದಲ್ಲಿ ಲಿನಕ್ಸ್ ಅಂತರರಾಷ್ಟ್ರೀಯ ಸಮಯ ಬರೆದಿಡುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯವೆಂದು ಓದುತ್ತದೆ. ಬೆಳಗಿನ ಹತ್ತು ಗಂಟೆ ವಿಂಡೋಸಿನಲ್ಲಿ ನಾಲ್ಕೂವರೆಯಾಗುವುದು ಯಂತ್ರ ಕೆಟ್ಟದ್ದರಿಂದಲ್ಲ. ಸ್ಥಳೀಯ ಸಮಯವನ್ನೇ ಬರೆದಿಡು ಎಂದು ಲಿನಕ್ಸಿಗೆ ಒಂದೇ ಸಾಲಿನ ಆಜ್ಞೆ ಕೊಟ್ಟರೆ ಸರಿಹೋಗುತ್ತದೆ.

ವಿರೋಧಿಸುವವರ ಕೈಯಲ್ಲಿರುವ ಬಲವಾದ ಸಾಕ್ಷ್ಯ 2024ರ ಆಗಸ್ಟಿನದು. ಆ ತಿಂಗಳ ವಿಂಡೋಸ್ ಭದ್ರತಾ ಅಪ್‌ಡೇಟ್ ಡ್ಯುಯಲ್ ಬೂಟ್ ಯಂತ್ರಗಳನ್ನು ಮುಟ್ಟುವುದಿಲ್ಲ ಎಂದು ಮೈಕ್ರೋಸಾಫ್ಟ್ ಹೇಳಿತ್ತು, ಮುಟ್ಟಿತು. ಲೋಡರ್ ನಂಬಲರ್ಹವೇ ಎಂದು ಪರೀಕ್ಷಿಸುವ ಸೆಕ್ಯೂರ್ ಬೂಟ್ ಇದ್ದ ಅನೇಕ ಯಂತ್ರಗಳಲ್ಲಿ ಲಿನಕ್ಸ್ ಏಳಲೇ ಇಲ್ಲ. ಇಬ್ಬರು ಒಂದೇ ಬಾಗಿಲು ಬಳಸುವಾಗ ಒಬ್ಬರು ಬೀಗ ಬದಲಿಸಿದರೆ ಇನ್ನೊಬ್ಬರು ಹೊರಗೆ ನಿಲ್ಲಬೇಕಾದೀತು ಎಂಬುದನ್ನು ಒಪ್ಪಲೇಬೇಕು. ಆದರೆ ಅಂದು ಕೆಟ್ಟದ್ದು ಬಾಗಿಲು ಮಾತ್ರ, ಒಳಗಿನ ಕಡತಗಳು ಹಾಗೆಯೇ ಇದ್ದವು. ಸೆಕ್ಯೂರ್ ಬೂಟ್ ತಾತ್ಕಾಲಿಕವಾಗಿ ಆಫ್ ಮಾಡಿ ಜನ ಒಳಹೊಕ್ಕರು. ಲಿನಕ್ಸ್ ಹಾಕಿದ ಪೆನ್‌ಡ್ರೈವನ್ನು ಅಳಿಸದೆ ಮೇಜಿನ ಡ್ರಾಯರಿನಲ್ಲಿ ಉಳಿಸಿಕೊಳ್ಳಬೇಕಾದದ್ದು ಇಂಥ ದಿನಕ್ಕಾಗಿಯೇ.

ಹೀಗೆ ಒಂದು ವರ್ಷ ನಡೆದರೆ, ಪಟ್ಟಿಯಲ್ಲಿ ಯಾವ ಹೆಸರಿನ ಮೇಲೆ ಕೈ ಹೆಚ್ಚು ಹೋಗುತ್ತದೆ ಎಂಬುದು ಮನೆಯವರಿಗೇ ತಿಳಿಯುತ್ತದೆ. ವಿಂಡೋಸ್ ತಿಂಗಳಿಗೊಮ್ಮೆಯೂ ಏಳದಿದ್ದರೆ ಅದರ ಪಾಲನ್ನು ಇನ್ನಷ್ಟು ಕುಗ್ಗಿಸಬಹುದು. ಲಿನಕ್ಸೇ ಒಗ್ಗದಿದ್ದರೆ ಅದನ್ನು ತೆಗೆಯಬಹುದು. ಆದರೆ ಪಾಲು ಅಳಿಸುವ ಮೊದಲು ಯುಇಎಫ್ಐ ಸೆಟ್ಟಿಂಗಿನಲ್ಲಿ ವಿಂಡೋಸ್ ಬೂಟ್ ಮ್ಯಾನೇಜರನ್ನು ಮೊದಲ ಸ್ಥಾನಕ್ಕೆ ತಂದಿರಬೇಕು. ಇಲ್ಲವಾದರೆ ಮರುದಿನ ಗ್ರಬ್ ತನ್ನ ಪಟ್ಟಿಯನ್ನೇ ಕಾಣದೆ ಕಪ್ಪು ತೆರೆಯ ಮೇಲೆ ನಿಂತುಬಿಡುತ್ತದೆ.